ಬೂಷ್ಟು ಮೈಯೊಳಗೆ ಇಳಿಯೋದು ಯಾವಾಗ?

ಇವತ್ತಿನ ಎಪಿಸೋಡ್ ಬೂಷ್ಟಿನ ಬಗ್ಗೆ. ಬ್ರೆಡ್ ಮೇಲೆ, ನೆನೆದ ರಾಗಿ ಹುಲ್ಲಿನ ಮೇಲೆ, ಮೂಲೇಲಿ ಬಿದ್ದಿರೋ ಚರ್ಮದ ಚಪ್ಪಲಿ ಮೇಲೆ ಕಟ್ಟುತ್ತಲ್ಲ, ಅದೇ. ಈ ಬೂಷ್ಟು ಮನುಷ್ಯರ ಮೈಯೊಳಗೆ, ಹಸುವಿನ ಗರ್ಭದೊಳಗೆ, ರೇಷ್ಮೆ ಹುಳದೊಳಗೆ ಯಾವಾಗ ಇಳಿಯುತ್ತೆ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕೇಳುತ್ತಿರೋರಿಗೆ ಹಾಲು, ರೇಷ್ಮೆ ಎರಡೂ ಮನೆ ಖರ್ಚಿನ ವಿಷಯ. ನಾನು ಬಿ.ಕಾಂ ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಡೋಸ್ ಗೀಸ್ ಹೇಳೋಕೆ ಹೋಗಲ್ಲ.

ರೇಷ್ಮೆ ಹುಳದಿಂದಲೇ ಶುರು ಮಾಡೋಣ. ಚಳಿ, ತೇವ ಜಾಸ್ತಿ ಇರೋ ದಿನಗಳಲ್ಲಿ ಹುಳು ಮನೆಗೆ ಸುಣ್ಣಕಟ್ಟು ರೋಗ ಬರುತ್ತೆ. ಹುಳ ಸತ್ತು, ಸೆಟೆದು, ಮೈಮೇಲೆಲ್ಲ ಬಿಳಿ ಪುಡಿ ಬಂದು ಸೀಮೆಸುಣ್ಣದ ತುಂಡಿನ ಹಾಗೆ ಆಗುತ್ತೆ. ಇದಕ್ಕೆ ಕಾರಣ ಒಂದು ಶಿಲೀಂಧ್ರ ಅಂತ 1835ರಲ್ಲಿ ತೋರಿಸಿದವರು ಇಟಲಿಯ ಅಗೊಸ್ಟಿನೊ ಬಾಸ್ಸಿ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತೆ ಅಂತ ಜಗತ್ತಿಗೆ ಗೊತ್ತಾಗಿದ್ದೇ ಹೀಗೆ, ಲೂಯಿ ಪಾಶ್ಚರ್‌ಗಿಂತ ಎಷ್ಟೋ ಮುಂಚೆ. ಆ ಶಿಲೀಂಧ್ರಕ್ಕೆ ಅವರ ಹೆಸರೇ ಇದೆ: ಬ್ಯೂವೇರಿಯಾ ಬಾಸ್ಸಿಯಾನಾ. ಟೊಮೆಟೊ ತೋಟಕ್ಕೆ ಜೈವಿಕ ಕೀಟನಾಶಕ ಅಂತ ಅಂಗಡೀಲಿ ಮಾರೋದೂ ಇದನ್ನೇ! ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಇದ್ದರೆ ಹೊಡೆಯೋ ಮುಂಚೆ ರೇಷ್ಮೆ ಇಲಾಖೆಯವರನ್ನ ಒಂದು ಮಾತು ಕೇಳಿ.

ಈಗ ಪ್ರಶ್ನೆ. ಹುಳವನ್ನ ಕೊಲ್ಲೋ ಆ ಬೂಷ್ಟು, ಅದನ್ನ ಸಿಂಪಡಿಸೋ ರೈತನಿಗೆ ಯಾಕೆ ಸಾಮಾನ್ಯವಾಗಿ ಏನೂ ಮಾಡಲ್ಲ? ಒಂದು ಕಾರಣ ನಮ್ಮ ಮೈ ಬಿಸಿ. 37 ಡಿಗ್ರಿ ಬಹುಪಾಲು ಬೂಷ್ಟುಗಳಿಗೆ ಆಗಿಬರಲ್ಲ. ಇನ್ನೊಂದು, ರಕ್ತದಲ್ಲಿರೋ ಬಿಳಿ ರಕ್ತಕಣಗಳು. ಗಾಳೀಲಿರೋ ಬೂಷ್ಟಿನ ಸ್ಪೋರ್, ಅಂದ್ರೆ ಬೀಜಕಣ, ನಾವು ದಿನಾ ಉಸಿರಲ್ಲಿ ಎಳ್ಕೋತಾನೇ ಇರ್ತೀವಿ. ಒಳಗೆ ಕಾವಲು ಇರೋದ್ರಿಂದ ಅದು ಮೊಳಕೆ ಒಡೆಯಲ್ಲ.

ಆದರೆ ಬಿಸಿಗೆ ಬಗ್ಗದ ಬೂಷ್ಟುಗಳೂ ಇವೆ. ಅರ್ಧಂಬರ್ಧ ಒಣಗಿದ ಹುಲ್ಲನ್ನ ಮೆದೆ ಹಾಕಿ, ನಾಲ್ಕು ದಿನ ಬಿಟ್ಟು ಒಳಗೆ ಕೈ ಇಟ್ಟು ನೋಡಿ, ಕೈ ಸುಡುತ್ತೆ. ಅಷ್ಟು ಬಿಸೀಲಿ ಬೆಳೆಯೋ ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್‌ಗೆ ಹಸುವಿನ ಮೈ, ಕೋಳಿಯ ಮೈ ಲೆಕ್ಕಕ್ಕೇ ಇಲ್ಲ. ಕೋಳಿ ಮರಿಗಳ ಕೆಳಗೆ ಹಾಸಿದ ಹೊಟ್ಟು ಬೂಷ್ಟು ಹಿಡಿದರೆ, ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತವೆ. ಹಸುವಿನಲ್ಲಿ ಇದು ಶ್ವಾಸಕೋಶ ಅಥವಾ ಹೊಟ್ಟೆಯಿಂದ ರಕ್ತಕ್ಕೆ ಸೇರಿ, ಅಲ್ಲಿಂದ ಮಾಸಕ್ಕೆ ಹೋಗಿ ಕೂರುತ್ತೆ. ಆರು, ಏಳು, ಎಂಟು ತಿಂಗಳ ಗರ್ಭ ಕಂದಿಹೋಗುತ್ತೆ. ಮಾಸ ಚರ್ಮದ ಹಾಗೆ ದಪ್ಪ ಆಗಿರುತ್ತೆ. ಒಂದು ಕರು ಹೋಯ್ತು ಅಂದ್ರೆ ಮುಂದಿನ ಸೂಲಿನ ಹಾಲಿನ ಲೆಕ್ಕವೂ ತಲೆಕೆಳಗು.

ಇಲ್ಲಿ ಒಂದು ಎಚ್ಚರಿಕೆ. ಕಂದು ಹಾಕಿದ ಹಸುವಿಗೆಲ್ಲ ಬೂಷ್ಟೇ ಕಾರಣ ಅಲ್ಲ. ಬ್ರುಸೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಅದು ಮನುಷ್ಯರಿಗೂ ಹತ್ತುತ್ತೆ. ಬರಿಗೈಲಿ ಮಾಸ ಮುಟ್ಟಬೇಡಿ, 1962ಕ್ಕೆ ಫೋನ್ ಮಾಡಿ, ಪರೀಕ್ಷೆಗೆ ಕಳಿಸಿ ಅಂತ ಕೇಳಿ.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ಕಥೆ ಬೇರೆ. ಅಲ್ಲಿ ಬೂಷ್ಟು ಮೈಯೊಳಗೆ ಬೆಳೆಯಲ್ಲ, ಅದು ಬಿಟ್ಟ ಅಫ್ಲಟಾಕ್ಸಿನ್ ಅನ್ನೋ ವಿಷ ಹೋಗುತ್ತೆ, ಹಾಲಿಗೂ ಇಳಿಯುತ್ತೆ. ಎಫ್‌ಎಸ್‌ಎಸ್‌ಎಐ 2019ರಲ್ಲಿ ಬಿಡುಗಡೆ ಮಾಡಿದ ದೇಶವ್ಯಾಪಿ ಸರ್ವೆಯಲ್ಲಿ 6,432 ಹಾಲಿನ ಸ್ಯಾಂಪಲ್‌ಗಳ ಪೈಕಿ 368ರಲ್ಲಿ ಈ ವಿಷ ಮಿತಿ ಮೀರಿತ್ತು. ಹಾಲು ಕಾಯಿಸಿದರೆ ಹೋಗೋ ವಿಷ ಅಲ್ಲ ಇದು. ಮನುಷ್ಯರು ತಿನ್ನೋಕಾಗಲ್ಲ ಅಂತ ಪಕ್ಕಕ್ಕಿಟ್ಟ ಬೂಷ್ಟು ಕಾಳನ್ನ ಹಸುವಿಗೆ ಹಾಕೋ ಅಭ್ಯಾಸ ನನಗಂತೂ ಅರ್ಥ ಆಗಲ್ಲ, ಅದು ಹಾಲಾಗಿ ನಮ್ಮ ಲೋಟಕ್ಕೇ ತಾನೇ ಬರೋದು?

ಇನ್ನು ಮನುಷ್ಯರು. 2021 ನೆನಪಿದೆಯಲ್ಲ, ಬ್ಲ್ಯಾಕ್ ಫಂಗಸ್. ಡಾಕ್ಟರುಗಳ ಭಾಷೇಲಿ ಮ್ಯುಕರ್‌ಮೈಕೋಸಿಸ್. ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಇದನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ವ್ಯವಸ್ಥೆ ಆಯ್ತು. ಆಂಫೋಟೆರಿಸಿನ್ ಬಿ ಇಂಜೆಕ್ಷನ್‌ಗೆ ಜನ ವಾಟ್ಸಾಪ್ ಗ್ರೂಪಲ್ಲಿ ಬೇಡಿಕೊಂಡರು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಕೇಸು, 4,300ಕ್ಕೂ ಹೆಚ್ಚು ಸಾವು.

ಬೂಷ್ಟೇನು ಹೊಸದಾಗಿ ಬಂದಿರಲಿಲ್ಲ, ಮಣ್ಣಲ್ಲಿ, ಕೊಳೆತ ಎಲೆಯಲ್ಲಿ ಯಾವಾಗಲೂ ಇತ್ತು. ಬದಲಾಗಿದ್ದು ಕಾವಲು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಬಿಳಿ ರಕ್ತಕಣ ಮಂಕಾಗುತ್ತೆ. ರಕ್ತ ಆಮ್ಲೀಯವಾದರೆ ಅದರಲ್ಲಿ ಬಿಗಿಯಾಗಿದ್ದ ಕಬ್ಬಿಣಾಂಶ ಸಡಿಲ ಆಗುತ್ತೆ, ಈ ಬೂಷ್ಟಿಗೆ ಅದೇ ಊಟ. ಮೇಲೆ ಕೋವಿಡ್‌ಗೆ ಕೊಟ್ಟ ಸ್ಟೀರಾಯ್ಡ್ ಸಕ್ಕರೆಯನ್ನೂ ಏರಿಸಿತು, ಕಾವಲನ್ನೂ ಮಲಗಿಸಿತು. ಸ್ಟೀರಾಯ್ಡ್ ಎಷ್ಟೋ ಜೀವ ಉಳಿಸಿದ್ದೂ ನಿಜ. ತೊಂದರೆ ಆಗಿದ್ದು ಬೇಕಿಲ್ಲದವರೂ, ಬೇಕಾದ್ದಕ್ಕಿಂತ ಜಾಸ್ತಿ ದಿನ ನುಂಗಿದ್ದರಿಂದ.

ಅಂದಹಾಗೆ ಆ ಬೂಷ್ಟಿನ ಬಣ್ಣ ಕಪ್ಪಲ್ಲ. ಅದು ರಕ್ತನಾಳದೊಳಗೆ ನುಗ್ಗಿ ಅದನ್ನ ಕಟ್ಟಿಬಿಡುತ್ತೆ, ರಕ್ತ ಇಲ್ಲದೆ ಮಾಂಸ ಸತ್ತು ಕಪ್ಪಾಗುತ್ತೆ. ಸತ್ತ ಜಾಗಕ್ಕೆ ಔಷಧಿಯೂ ತಲುಪಲ್ಲ, ಅದಕ್ಕೇ ಕೊಯ್ದು ತೆಗೀಬೇಕಾಗುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಕೋವಿಡ್ ಹೋದರೂ ಕಾಯಿಲೆ ಹೋಗಿಲ್ಲ. ಸಕ್ಕರೆ ಇರೋರಿಗೆ ಮುಖದ ಒಂದೇ ಕಡೆ ನೋವು, ಊತ, ಮೂಗಿಂದ ಕಪ್ಪು ಅಥವಾ ರಕ್ತದ ಸಿಂಬಳ, ರೆಪ್ಪೆ ಜೋತುಬೀಳೋದು, ಒಂದು ಎರಡಾಗಿ ಕಾಣೋದು, ಹಲ್ಲು ಅಲ್ಲಾಡೋದು ಕಂಡರೆ ಅವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ನಾಳೆ ಸಂತೆ ಮುಗಿಸ್ಕೊಂಡು ಹೋಗೋಣ ಅನ್ನೋ ಕಾಯಿಲೆ ಅಲ್ಲ.

ಕೊನೇದು, ನಮ್ಮ ಕಡೆ ದಿನನಿತ್ಯ ಆಗೋ ಸಾಧ್ಯತೆ ಇರೋದು. ಒಕ್ಕಣೆ ಮಾಡುವಾಗ ಹುಲ್ಲಿನ ಚೂರು, ಮಾವು ಕೀಳುವಾಗ ಎಲೆ ಕಣ್ಣಿಗೆ ತಾಗುತ್ತೆ. ಆ ಗೀರಿನಲ್ಲಿ ಬೂಷ್ಟು ಕೂತರೆ ಕಪ್ಪುಗುಡ್ಡೆ ಮೇಲೆ ಬಿಳಿ ಹುಣ್ಣು. ಕಣ್ಣಿನ ಮೇಲ್ಭಾಗ ತಂಪು, ಅಲ್ಲಿ ರಕ್ತನಾಳವೂ ಇಲ್ಲ, ಆರೋಗ್ಯವಾಗಿರೋ ಇಪ್ಪತ್ತೈದರ ಹುಡುಗನಿಗೂ ಬರಬಹುದು. ಮೆಡಿಕಲ್ ಶಾಪ್‌ನವರು ಕೆಂಪು ಇಳಿಯಲಿ ಅಂತ ಕೊಡೋ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನ ಹಾಯ್ ಅನ್ಸುತ್ತೆ, ಒಳಗೆ ಬೂಷ್ಟು ಆಳಕ್ಕೆ ಇಳಿಯುತ್ತೆ. ಹಾಲು, ಹರಳೆಣ್ಣೆ ಬಿಡಬೇಡಿ. ಇದಕ್ಕೆ ನ್ಯಾಟಮೈಸಿನ್ ಅನ್ನೋ ಬೇರೆಯೇ ಡ್ರಾಪ್ಸ್ ಇದೆ, ಕಣ್ಣಿನ ಡಾಕ್ಟರು ಹುಣ್ಣು ಕೆರೆದು ಪರೀಕ್ಷೆ ಮಾಡಿ ಬರ್ಕೊಡ್ತಾರೆ. ಹೋಗುವಾಗ ಅಲ್ಲೀವರೆಗೂ ಹಾಕಿದ ಡ್ರಾಪ್ಸ್ ಬಾಟಲಿಗಳನ್ನ, ಖಾಲಿಯಾಗಿದ್ದರೂ, ಜೊತೇಲಿ ತಗೊಂಡು ಹೋಗಿ.