ದೊಡ್ಡದು ಹತ್ತಿರಕ್ಕೆ, ಸಣ್ಣದು ಸಾಗರದಾಚೆಗೆ

ದುಬೈಯಿಂದ ಬೆಂಗಳೂರಿಗೆ ನಾಲ್ಕು ಗಂಟೆಯೂ ಹಿಡಿಯದ ಹಾದಿ. ಆ ಹಾದಿಗೆ ಎಮಿರೇಟ್ಸ್ 2022ರ ಅಕ್ಟೋಬರ್ 30ರಿಂದ ಹಚ್ಚಿದ್ದು ಎಂಥ ವಿಮಾನವನ್ನು ಗೊತ್ತೇ? ಏರ್‌ಬಸ್ ಎ380! ಮೂತಿಯಿಂದ ಬಾಲದವರೆಗೆ ಎರಡು ಅಂತಸ್ತು, ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 80 ಮೀಟರ್‌ಗೆ ತುಸುವೇ ಕಡಿಮೆ. ಈಗ ಅತ್ತ ಸ್ಪೇನಿನ ಕಡೆ ನೋಡಿ. 2024ರ ನವೆಂಬರ್‌ನಲ್ಲಿ ಐಬೇರಿಯಾ ಸಂಸ್ಥೆಯ ಎ321ಎಕ್ಸ್‌ಎಲ್‌ಆರ್ ಮ್ಯಾಡ್ರಿಡ್‌ನಿಂದ ಎದ್ದು, ಅಟ್ಲಾಂಟಿಕ್ ದಾಟಿ, ಬಾಸ್ಟನ್‌ನಲ್ಲಿ ಇಳಿಯಿತು. ನಾವು ದೆಹಲಿಗೋ ಮುಂಬೈಗೋ ಹೋಗುವಾಗ ಹತ್ತುವ ವಿಮಾನಗಳ ಮನೆತನದ್ದೇ ಅದು. ನಡುವೆ ಒಂದೇ ಓಣಿ, ಆಚೀಚೆ ಮೂರು ಮೂರು ಸೀಟು, ಎಂಜಿನ್ ಎರಡೇ ಎರಡು. ಹಿಂಭಾಗದ ಹೊಟ್ಟೆಯೊಳಗೆ 12,900 ಲೀಟರ್ ಇಂಧನ ಹಿಡಿಯುವ ಟ್ಯಾಂಕೊಂದನ್ನು ಒಡಲಿಗೇ ಬೆಸೆದಿದ್ದಾರೆ. ಅದರ ನೆರವಿನಿಂದ ಈ ವಿಮಾನ 8,700 ಕಿಲೋಮೀಟರ್ ಹಾರಬಲ್ಲದು! ಇಂಥ ಸಪೂರ ವಿಮಾನ ಅಟ್ಲಾಂಟಿಕ್ ದಾಟಿದ್ದು ಇದೇ ಮೊದಲಲ್ಲ, ಬೋಯಿಂಗ್ 757 ವರ್ಷಗಟ್ಟಲೆ ಆ ಕೆಲಸ ಮಾಡಿತ್ತು. ಆದರೆ ಇದರ ದಮ್ಮು ಅದಕ್ಕಿರಲಿಲ್ಲ.

ದೊಡ್ಡ ವಿಮಾನ ದೂರಕ್ಕೆ, ಸಣ್ಣದು ಹತ್ತಿರಕ್ಕೆ ಎಂಬ ನಂಬಿಕೆಯೇ ತಲೆಕೆಳಗಾಗಿದೆ. ಇದು ಹೇಗಾಯಿತೆಂದು ಹುಡುಕುತ್ತ ಹೋದರೆ ಸಿಗುವ ಕಥೆ ಎಂಜಿನ್ನಿನದು, ಅದರ ಮೇಲೆ ಮನುಷ್ಯ ಇಟ್ಟ ಭರವಸೆಯದು.

1953ರಲ್ಲಿ ಅಮೆರಿಕ ಒಂದು ನಿಯಮ ಮಾಡಿತು. ಎರಡು ಎಂಜಿನ್ನಿನ ವಿಮಾನ ಯಾವ ಕ್ಷಣದಲ್ಲೂ, ಒಂದೇ ಎಂಜಿನ್ನಿನಲ್ಲಿ ಹಾರಿದರೆ 60 ನಿಮಿಷದೊಳಗೆ ತಲುಪಬಹುದಾದ ನಿಲ್ದಾಣವೊಂದರ ಆಸರೆಯಲ್ಲಿರಬೇಕು. ಗೂಟಕ್ಕೆ ಕಟ್ಟಿದ ಕರು ಹಗ್ಗದಳತೆಗೇ ಮೇಯುವ ಹಾಗೆ! ಸಾಗರಗಳ ನಡುಭಾಗವೆಲ್ಲ ಮೂರು, ನಾಲ್ಕು ಎಂಜಿನ್ನಿನವುಗಳ ಪಾಲಾಯಿತು. ಜೆಟ್ ಎಂಜಿನ್‌ಗಳು ಕೆಡುವುದು ಅಪರೂಪವಾದಂತೆ ಹಗ್ಗ ಸಡಿಲಿತು. 1985ರ ಫೆಬ್ರವರಿಯಲ್ಲಿ ಟಿಡಬ್ಲ್ಯುಎ ಸಂಸ್ಥೆಯ ಬೋಯಿಂಗ್ 767 ಹೊಸ ಅನುಮತಿ ಪಡೆದು ಬಾಸ್ಟನ್‌ನಿಂದ ಪ್ಯಾರಿಸ್‌ಗೆ ಹಾರಿತು. ಆಮೇಲೆ 120 ನಿಮಿಷ, 1988ರಲ್ಲಿ 180, 2011ರಲ್ಲಿ ಬೋಯಿಂಗ್ 777ಕ್ಕೆ 330! 180 ನಿಮಿಷದ ಅನುಮತಿಗೇ ಇರುವ ಷರತ್ತು ಕೇಳಿ: ಹಾರಾಟದ ನಡುವೆ ಎಂಜಿನ್ ನಿಲ್ಲುವ ಪ್ರಸಂಗ 50,000 ಗಂಟೆಗೆ ಒಂದನ್ನು ಮೀರಬಾರದು. ಹಗಲು ರಾತ್ರಿ ಎಡೆಬಿಡದೆ ಐದೂವರೆ ವರ್ಷಕ್ಕೂ ಮಿಕ್ಕಿ ಓಡಿದ ಲೆಕ್ಕ ಅದು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಮಾತ್ರ ಹ್ಯಾಂಗರ್‌ನಲ್ಲಿ ಪಾಲಿಸುವ ಒಂದು ನಿಯಮ. ಇಂಥ ವಿಮಾನದ ಎರಡೂ ಎಂಜಿನ್‌ಗಳಿಗೆ ಒಂದೇ ರಿಪೇರಿ ಕೆಲಸವನ್ನು ಒಬ್ಬನೇ ಮೆಕ್ಯಾನಿಕ್ ಒಂದೇ ಭೇಟಿಯಲ್ಲಿ ಮಾಡುವಂತಿಲ್ಲ. ಮಾಡಲೇಬೇಕಾಗಿ ಬಂದರೆ ಬೇರೊಬ್ಬರು ಪರೀಕ್ಷಿಸಬೇಕು. ಯಾಕೆ? 1983ರ ಮೇ 5ರಂದು ಮಯಾಮಿಯಿಂದ ಬಹಾಮಾಸ್‌ನ ನಸಾವ್‌ಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್ ವಿಮಾನಕ್ಕೆ ಮೂರು ಎಂಜಿನ್‌ಗಳಿದ್ದವು. ಹಿಂದಿನ ರಾತ್ರಿ ಮೂರರಲ್ಲೂ ಒಂದೊಂದು ಬಿಡಿಭಾಗ ಬದಲಿಸುವಾಗ, ಆಯಿಲ್ ಸೋರದಂತೆ ತಡೆಯುವ ಪುಟ್ಟ ರಬ್ಬರ್ ಉಂಗುರಗಳನ್ನು ಹಾಕಿರಲೇ ಇಲ್ಲ. ಸಮುದ್ರದ ಮೇಲೆ ಮೂರೂ ಎಂಜಿನ್‌ಗಳ ಆಯಿಲ್ ಸೋರಿತು, ಮೂರೂ ನಿಂತವು! ಮೊದಲು ನಿಲ್ಲಿಸಿದ್ದ ಎಂಜಿನ್ ಮತ್ತೆ ಹೊತ್ತಿಕೊಂಡಿದ್ದರಿಂದ ವಿಮಾನ ಮಯಾಮಿಗೆ ಮರಳಿತು, 172 ಜೀವ ಉಳಿಯಿತು. ತಪ್ಪು ಒಂದೇ ಆಗಿದ್ದರೆ ಎಂಜಿನ್ ಎಷ್ಟಿದ್ದರೇನು?

ಎರಡೇ ಎಂಜಿನ್ ಸಾಕು ಎಂದಾದ ಮೇಲೆ ನಾಲ್ಕಕ್ಕೆ ಇಂಧನ ಉಣಿಸುವವರು ಕಡಿಮೆಯಾದರು. 251 ವಿಮಾನಗಳಾದ ಮೇಲೆ, 2021ರ ಡಿಸೆಂಬರ್‌ನಲ್ಲಿ ಕೊನೆಯ ಎ380 ಎಮಿರೇಟ್ಸ್ ಕೈ ಸೇರಿತು. ಒಟ್ಟಿನಲ್ಲಿ ಅರ್ಧದಷ್ಟು ಅದರವೇ. ಊರೂರುಗಳ ಜನರನ್ನು ದುಬೈಗೆ ತಂದು ಅಲ್ಲಿಂದ ಹಂಚುವ ಸಂಸ್ಥೆಗೆ ದೂರಕ್ಕಿಂತ ಮಂದಿಯ ಲೆಕ್ಕವೇ ಮುಖ್ಯ. ಎ380 ನಮ್ಮೂರಿಗೆ ಬಂದದ್ದು ಹಾಗೆ.

ಇನ್ನು ನಮ್ಮ ಕೆಂಪೇಗೌಡ ನಿಲ್ದಾಣಕ್ಕೇ ಸೇರಿದ ಅದ್ಭುತ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ಉತ್ತರ ಧ್ರುವದ ಮೇಲಿಂದ ಹಾರಿ, ಸುಮಾರು 14,000 ಕಿಲೋಮೀಟರ್ ಕ್ರಮಿಸಿ, ಎಲ್ಲೂ ಇಳಿಯದೆ ಬೆಂಗಳೂರು ಮುಟ್ಟಿತು. ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದ ನಾಲ್ವರು, ಎಲ್ಲರೂ ಮಹಿಳೆಯರು. ಎಂಜಿನ್ ಎರಡೇ! ಆದರೆ ಎಂಥವು! ಒಂದೊಂದರ ಫ್ಯಾನ್ 3.25 ಮೀಟರ್ ಅಗಲ. ಆ ಬಾಯೊಳಗೆ ಆಳೊಬ್ಬ ನೆಟ್ಟಗೆ ನಿಂತು ಕೈಯೆತ್ತಿದರೂ ಮೇಲೆ ಜಾಗ ಉಳಿಯುತ್ತದೆ. ಕಾರ್ಬನ್ ನಾರಿನಿಂದ ಮಾಡಿ, ಅಲೆಯಂತೆ ತಿರುಚಿದ ಅದರ ಅಲಗು ಎಷ್ಟು ಚೆಂದವೆಂದರೆ, ಜಿಇ90 ಎಂಬ ಈ ಎಂಜಿನ್ನಿನ ಅಲಗೊಂದನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ.

ಧ್ರುವದ ದಾರಿಯ ಸಿದ್ಧತೆಯೂ ಬೇರೆಯೇ. ಹಿಮದಲ್ಲಿ ಇಳಿಯಬೇಕಾಗಿ ಬಂದರೆ ಸಿಬ್ಬಂದಿ ಹೊರಗೆ ಕಾಲಿಡಲೆಂದು ವಿಮಾನದಲ್ಲಿ ಕನಿಷ್ಠ ಎರಡು ಚಳಿಯುಡುಪು ಇರಬೇಕೆನ್ನುತ್ತದೆ ಅಮೆರಿಕದ ನಿಯಮ. ಅಮೆರಿಕದಲ್ಲಿ ತುಂಬುವ ಜೆಟ್-ಎ ಇಂಧನ ಮೈನಸ್ 40 ಡಿಗ್ರಿಯ ಹೊತ್ತಿಗೆ ಹೆಪ್ಪುಗಟ್ಟಬಲ್ಲದು. ಹೊರಗಿನ ಗಾಳಿಯೋ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ! ಹಾಗಾಗಿ ಪೈಲಟ್‌ಗಳು ಟ್ಯಾಂಕಿನ ಉಷ್ಣಾಂಶವನ್ನು ಗಮನಿಸುತ್ತಲೇ ಇರುತ್ತಾರೆ. ಮಿತಿ ಹತ್ತಿರವಾದರೆ ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಗಾಳಿಗೆ ಉಜ್ಜಿ ಉಜ್ಜಿಯೇ ರೆಕ್ಕೆ ಬಿಸಿಯೇರಿ ಒಳಗಿನ ಇಂಧನ ಕಾಯುತ್ತದೆ!