ಒಂದೆಲಗ ಮತ್ತು ದೊಡ್ಡಪತ್ರೆ: ಅಡುಗೆ ಒಂದೇ, ಪಾತಿ ಬೇರೆ



ನಿಮ್ಮ ಮನೆಯಲ್ಲಿ ತಂಬುಳಿ ಮಾಡುತ್ತಾರೆಯೇ? ಸೊಪ್ಪನ್ನು ಜೀರಿಗೆ, ಕಾಳುಮೆಣಸು, ತೆಂಗಿನತುರಿಯ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ, ಒಗ್ಗರಣೆ ಹಾಕಿದರೆ ತಂಬುಳಿ ಸಿದ್ಧ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ತಂಬುಳಿಗೆ ಒದಗುವ ಸೊಪ್ಪುಗಳಲ್ಲಿ ಒಂದೆಲಗ ಮತ್ತು ದೊಡ್ಡಪತ್ರೆ ಮುಖ್ಯವಾದವು. ಅಡುಗೆಮನೆಯಲ್ಲಿ ಇವೆರಡೂ ನೆಂಟರಂತೆ ಕಂಡರೂ ತೋಟದಲ್ಲಿ ಇವುಗಳ ಸ್ವಭಾವ ಪೂರ್ತಿ ಬೇರೆ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಕೈತೋಟಕ್ಕೆ ನಾನು ಈ ಎರಡು ಗಿಡಗಳನ್ನು ಕೊಟ್ಟಿದ್ದೆ. ಒಂದೇ ಪಾತಿಯಲ್ಲಿ ನೆಡಿ ಎಂದು ಹೇಳಿ ಬಂದೆ. ಆರನೇ ತರಗತಿಯ ಹುಡುಗಿಯೊಬ್ಬಳು ದಿನಕ್ಕೆ ಎರಡು ಸಲ ತಪ್ಪದೆ ನೀರು ಹಾಕಿದಳು. ತಿಂಗಳು ಕಳೆದು ಹೋಗಿ ನೋಡಿದರೆ ಒಂದೆಲಗ ಹಸಿರಾಗಿ ಹಬ್ಬಿತ್ತು, ದೊಡ್ಡಪತ್ರೆಯ ಬುಡ ಕೊಳೆತಿತ್ತು. ದೊಡ್ಡಪತ್ರೆಯ ಹೊಸ ಕಡ್ಡಿ ನೆಟ್ಟು, ನೀರು ಕಡಿಮೆ ಮಾಡಲು ಹೇಳಿದೆ. ಈ ಬಾರಿ ದೊಡ್ಡಪತ್ರೆ ಚಿಗುರಿತು, ಒಂದೆಲಗ ಒಣಗಿತು! "ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಸಾರ್" ಎಂದು ಆ ಹುಡುಗಿ ತಲೆ ತಗ್ಗಿಸಿದಳು. ತಪ್ಪು ಅವಳದಾಗಿರಲಿಲ್ಲ, ಎರಡನ್ನೂ ಒಂದೇ ಪಾತಿಯಲ್ಲಿ ನೆಡಲು ಹೇಳಿದ ನನ್ನದಾಗಿತ್ತು. ಏಕೆ ಗೊತ್ತೇ? ಬನ್ನಿ, ಗಿಡಗಳನ್ನೇ ಕೇಳೋಣ.

ಎಲೆ ಏನು ಹೇಳುತ್ತದೆ?

ಒಂದೆಲಗವು ನೆಲದ ಮೇಲೆ ಹಬ್ಬುವ ಸಣ್ಣ ಸಸ್ಯ. ಉದ್ದನೆಯ ಒಂದು ತೊಟ್ಟಿಗೆ ಒಂದೇ ಎಲೆ. ಎಲೆ ತೆಳು, ದುಂಡಗೆ, ಬುಡದಲ್ಲಿ ಸೀಳಿದಂತೆ ಇರುತ್ತದೆ. ಉರಗೆ ಎಂದೂ ಇದನ್ನು ಕರೆಯುತ್ತಾರೆ. ತುಳುವಿನಲ್ಲಿ ಇದು ತಿಮರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆಂಟೆಲ್ಲ ಏಷಿಯಾಟಿಕ. ಇದು ಕೊತ್ತಂಬರಿ, ಕ್ಯಾರೆಟ್‌ಗಳ ಕುಟುಂಬಕ್ಕೆ ಸೇರಿದೆ.

ದೊಡ್ಡಪತ್ರೆಯ ಎಲೆ ದಪ್ಪ. ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗೆ. ಎಲೆಯ ಮೇಲೆ ಸಣ್ಣ ಸಣ್ಣ ರೋಮಗಳಿವೆ. ಎಲೆಯನ್ನು ಉಜ್ಜಿ ಮೂಸಿ ನೋಡಿ, ಓಮದ ಕಾಳಿನ ನೆನಪಾಗುತ್ತದೆ. ಓಮದಲ್ಲಿರುವ ಥೈಮಾಲ್ ಮತ್ತು ಅದರ ಹತ್ತಿರದ ಕಾರ್ವಕ್ರಾಲ್ ಎಂಬ ಸುಗಂಧ ವಸ್ತುಗಳು ಇದರ ಎಣ್ಣೆಯಲ್ಲೂ ಇರುವುದೇ ಅದಕ್ಕೆ ಕಾರಣ. ಕೋಲಿಯಸ್ ಅಂಬೊಯ್ನಿಕಸ್ ಎಂಬುದು ಇದರ ವೈಜ್ಞಾನಿಕ ಹೆಸರು. ತುಳಸಿ, ಪುದೀನ ಇದರ ಬಂಧುಗಳು.

ಎಲೆಗಳು ಪತ್ರರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಹೊರಬಿಡುತ್ತವೆ. ಇದಕ್ಕೆ ಬಾಷ್ಪವಿಸರ್ಜನೆ ಎನ್ನುತ್ತಾರೆಂದು ನೀವು ಓದಿದ್ದೀರಿ. ಒಂದೆಲಗದ ತೆಳು ಎಲೆಯಲ್ಲಿ ನೀರಿನ ಉಳಿತಾಯ ಕಡಿಮೆ. ಮಣ್ಣಿನಿಂದ ನೀರು ಬರುತ್ತಲೇ ಇರಬೇಕು. ದೊಡ್ಡಪತ್ರೆಯ ದಪ್ಪ ಎಲೆ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮೇಲಿನ ರೋಮಗಳು ಬಿಸಿಗಾಳಿ ನೇರವಾಗಿ ತಾಗದಂತೆ ತಡೆಯುತ್ತವೆ. ಆದ್ದರಿಂದ ಕೆಲವು ದಿನ ನೀರಿಲ್ಲದಿದ್ದರೂ ಅದು ತಾಳಿಕೊಳ್ಳುತ್ತದೆ.

ಮಾಡಿ ನೋಡಿ

ಎರಡೂ ಗಿಡಗಳಿಂದ ಐದೈದು ಎಲೆ ಕಿತ್ತು, ನೆರಳಿನಲ್ಲಿ ಒಂದು ಕಾಗದದ ಮೇಲೆ ಹರಡಿ. ಸಂಜೆ ನೋಡಿ, ಮರುದಿನ ನೋಡಿ, ಮೂರನೆಯ ದಿನವೂ ನೋಡಿ. ಯಾವ ಎಲೆ ಮೊದಲು ಬಾಡಿತು? ದಿನಾಂಕ ಹಾಕಿ ಬರೆದಿಡಿ. ತಕ್ಕಡಿ ಇದ್ದರೆ ದಿನವೂ ತೂಗಿರಿ. ಕಡಿಮೆಯಾದ ತೂಕದಲ್ಲಿ ಬಹುಪಾಲು ಆವಿಯಾಗಿ ಹೋದ ನೀರಿನದು.

ಹೆಚ್ಚು ನೀರು ಏಕೆ ಕೆಡುಕು?

ನೀರು ಹೆಚ್ಚಾದರೆ ದೊಡ್ಡಪತ್ರೆ ಏಕೆ ಕೊಳೆಯಬೇಕು? ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ಸದಾ ನೀರು ನಿಂತರೆ ಆ ಜಾಗವನ್ನೆಲ್ಲ ನೀರು ತುಂಬಿಕೊಂಡು ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಬೇರು ಸೊರಗುತ್ತದೆ, ಶಿಲೀಂಧ್ರಗಳು ಮುತ್ತಿ ಬುಡ ಕೊಳೆಯುತ್ತದೆ. ಒಂದೆಲಗ ಮಾತ್ರ ಗದ್ದೆಯ ಬದು, ತೋಡಿನ ಅಂಚು, ಅಡಿಕೆ ತೋಟಗಳ ತಂಪು ನೆಲದಲ್ಲಿ ತಾನಾಗಿ ಬೆಳೆಯುವ ಸಸ್ಯ. ಒದ್ದೆ ಮಣ್ಣು ಅದಕ್ಕೆ ಒಗ್ಗಿದೆ.

ಬೆಳೆಸುವುದು ಹೇಗೆ?

ಎರಡಕ್ಕೂ ಬೀಜ ಹುಡುಕಬೇಕಿಲ್ಲ. ಸಸ್ಯದ ಒಂದು ಭಾಗದಿಂದಲೇ ಹೊಸ ಸಸ್ಯ ಪಡೆಯುವ ಈ ವಿಧಾನಕ್ಕೆ ಕಾಯಜ ಸಂತಾನೋತ್ಪತ್ತಿ ಎಂದು ಹೆಸರು.

ಒಂದೆಲಗ: ಇದರ ಹಂಬು ನೆಲದ ಮೇಲೆ ಓಡುತ್ತಾ ಗೆಣ್ಣು ಗೆಣ್ಣಿನಲ್ಲೂ ಬೇರು ಬಿಡುತ್ತದೆ. ಬೇರಿರುವ ಗೆಣ್ಣನ್ನು ಕತ್ತರಿಸಿ ನೆಟ್ಟರೆ ಅದೇ ಹೊಸ ಗಿಡ. ಅರೆನೆರಳು, ಗೊಬ್ಬರ ಬೆರೆಸಿದ ಮಣ್ಣು, ಸದಾ ತೇವ ಬೇಕು. ಅಗಲವಾದ ಕುಂಡ ಒಳ್ಳೆಯದು. ನೆರಳಿನಲ್ಲಿ ಬೆಳೆದರೆ ಬೆಳಕಿಗಾಗಿ ತೊಟ್ಟು ಉದ್ದವಾಗುತ್ತದೆ.

ದೊಡ್ಡಪತ್ರೆ: ಗೇಣುದ್ದದ ಕಡ್ಡಿಯೊಂದನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆಡಿ. ಎರಡು ಮೂರು ವಾರಗಳಲ್ಲಿ ಬೇರು ಹಿಡಿಯುತ್ತದೆ. ಬೆಳಗಿನ ಬಿಸಿಲು ಬೀಳುವ, ನೀರು ನಿಲ್ಲದ ಎತ್ತರದ ಜಾಗ ಬೇಕು. ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಒಣಗಿದ್ದರೆ ಮಾತ್ರ ನೀರು ಹಾಕಿ.

ಅಡುಗೆಯಲ್ಲಿ, ಮನೆಮದ್ದಿನಲ್ಲಿ

ಒಂದೆಲಗವನ್ನು ಚೆನ್ನಾಗಿ ತೊಳೆದು ಹಸಿಯಾಗಿಯೇ ರುಬ್ಬಿ ತಂಬುಳಿ, ಚಟ್ನಿ ಮಾಡುತ್ತಾರೆ. ದೊಡ್ಡಪತ್ರೆಯ ಖಾರ ಘಾಟು ತಗ್ಗಲೆಂದು ಅದನ್ನು ಸ್ವಲ್ಪ ತುಪ್ಪದಲ್ಲಿ ಬಾಡಿಸಿ ರುಬ್ಬುತ್ತಾರೆ. ಅದರ ಎಲೆಯ ಬಜ್ಜಿಯೂ ರುಚಿ. ಶೀತ, ಕೆಮ್ಮು ಬಂದಾಗ ದೊಡ್ಡಪತ್ರೆಯ ರಸ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಆದರೆ ಕೆಮ್ಮು ಬಹಳ ದಿನ ಇದ್ದರೆ ವೈದ್ಯರ ಬಳಿ ಹೋಗಲೇಬೇಕು. ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎನ್ನುವುದನ್ನು ನೀವು ಕೇಳಿರಬಹುದು. ವಿಜ್ಞಾನಿಗಳು ಇದನ್ನು ಪರೀಕ್ಷಿಸುತ್ತಿದ್ದಾರೆ, ಇನ್ನೂ ಖಚಿತವಾಗಿ ಸಿದ್ಧವಾಗಿಲ್ಲ. ತಂಬುಳಿ ಉಣ್ಣಿ, ಪಾಠವನ್ನೂ ಓದಿ!

ಎಚ್ಚರ ಇರಲಿ

ಒಂದೆಲಗವನ್ನು ಹಸಿಯಾಗಿ ತಿನ್ನುವುದರಿಂದ ಅದು ಬೆಳೆದ ಜಾಗ ಶುಚಿಯಾಗಿರಬೇಕು. ಚರಂಡಿಯ ಅಂಚಿನಲ್ಲಿ, ಕಳೆನಾಶಕ ಸಿಂಪಡಿಸಿದ ಬದುವಿನಲ್ಲಿ ಬೆಳೆದದ್ದನ್ನು ಕೀಳಬೇಡಿ. ಶಾಲೆಯಲ್ಲಿ ತಟ್ಟೆ ತೊಳೆದ ನೀರು ಹರಿಯುವ ಕಡೆಯೂ ಇದನ್ನು ನೆಡಬೇಡಿ. ಅಲ್ಲಿ ಬಾಳೆ ನೆಡಬಹುದು. ಒಂದೆಲಗವನ್ನೇ ಹೋಲುವ ಬೇರೆ ಸಸ್ಯಗಳೂ ಇವೆ. ಗಿಡ ಬಲ್ಲ ಹಿರಿಯರಿಗೆ ತೋರಿಸದೆ ಯಾವ ಸೊಪ್ಪನ್ನೂ ಬಾಯಿಗೆ ಹಾಕಬಾರದು.

ಮತ್ತೆ ಆ ಶಾಲೆಗೆ

ಕೊನೆಗೆ ನಾವು ಮಾಡಿದ್ದಿಷ್ಟು. ದೊಡ್ಡಪತ್ರೆಯನ್ನು ಕಲ್ಲು ಕಟ್ಟಿ ಎತ್ತರಿಸಿದ ಮಡಿಗೆ ಏರಿಸಿದೆವು. ಒಂದೆಲಗವನ್ನು ಕುಡಿಯುವ ನೀರಿನ ನಲ್ಲಿಯ ಪಕ್ಕ, ಮರದ ನೆರಳಿನಲ್ಲಿ ನೆಟ್ಟೆವು. ಅದೇ ಹುಡುಗಿ ಎರಡು ಹಲಗೆಗಳಲ್ಲಿ ಬರೆದು ಚುಚ್ಚಿದಳು: "ನನಗೆ ದಿನವೂ ನೀರು", "ನನ್ನ ಮಣ್ಣು ಮುಟ್ಟಿ ನೋಡಿ ನೀರು". ಬೇಸಿಗೆ ರಜೆ ಬಂದಾಗ ಒಂದೆಲಗದ ಒಂದು ತುಂಡನ್ನು ಕುಂಡದಲ್ಲಿ ತನ್ನ ಮನೆಗೆ ಒಯ್ದಳು. ಜೂನ್‌ನಲ್ಲಿ ಮರಳಿ ತಂದಾಗ ಅದು ಕುಂಡದ ಅಂಚು ದಾಟಿ ಇಳಿದಿತ್ತು.

ಎಲ್ಲ ಗಿಡಗಳಿಗೂ ಸಮನಾಗಿ ನೀರು ಹಾಕುವುದೇ ಆರೈಕೆಯಲ್ಲ, ಯಾವುದಕ್ಕೆ ಎಷ್ಟು ಬೇಕೋ ಅಷ್ಟು ಕೊಡುವುದು ಆರೈಕೆ. ನಿಮ್ಮ ಶಾಲೆಯ ಕೈತೋಟದಲ್ಲಿ ಯಾವ ಯಾವ ಗಿಡಗಳಿವೆ? ಅವುಗಳ ಎಲೆ ಮುಟ್ಟಿ ನೋಡಿ. ಯಾವುದಕ್ಕೆ ಹೆಚ್ಚು ನೀರು ಬೇಕಿರಬಹುದು ಎಂದು ಮೊದಲು ಊಹಿಸಿ ಬರೆಯಿರಿ. ಒಂದು ತಿಂಗಳು ಗಮನಿಸಿ, ನಿಮ್ಮ ಊಹೆ ಸರಿಯೇ ಎಂದು ಪರೀಕ್ಷಿಸಿ.