ಊರ ಕಲೆ: ಮಾಡುವವರಾರು, ಉಣ್ಣುವವರಾರು?

ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಸಿರಸಂಗಿ ಎಂದೊಡನೆ ನೆನಪಾಗುವುದು ಎರಡು: ಕಾಳಿಕಾದೇವಿಯ ಗುಡಿ, ಲಿಂಗರಾಜ ದೇಸಾಯಿಯವರ ವಾಡೆ. ಕಾಳಮ್ಮ ಬಡಿಗ, ಕಮ್ಮಾರ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗರ ಆರಾಧ್ಯದೈವ. 1906ರಲ್ಲಿ ತೀರಿಕೊಂಡ ದೇಸಾಯಿಯವರು ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟ ತ್ಯಾಗವೀರ.

ಇಂಥ ಊರುಗಳಿಗೆ ಕಲೆಯಿಂದ ಕಳೆ ತರುವ ಮಾತು ಬಂದಾಗ ಮೊದಲು ಹೊಳೆಯುವುದು ಉತ್ಸವ. ಪೆಂಡಾಲು ಏಳುತ್ತದೆ, ಹೊರಗಿನ ಕಲಾವಿದರು ಬರುತ್ತಾರೆ, ಊರವರು ಕುಳಿತು ನೋಡುತ್ತಾರೆ. ಪೆಂಡಾಲು ಬಿಚ್ಚಿದ ಮೇಲೆ ಉಳಿಯುವುದೇನು?

ಬೇರೆ ದಾರಿಯೂ ಉಂಟೆಂದು ತೋರಿಸಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಅಲ್ಲಿನವರು ಹವ್ಯಾಸಕ್ಕೆಂದು ಕಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ 'ತಿರುಗಾಟ' ಆರಂಭಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಇಲ್ಲಿ ಊರವರು ಬರೀ ಪ್ರೇಕ್ಷಕರಲ್ಲ, ಬಣ್ಣ ಹಚ್ಚಿದವರೂ ಅವರೇ.

ಆದರೆ 'ಊರವರು' ಎಂದರೆ ಯಾರು? ಓದು ಬಲ್ಲವರು, ಸಂಜೆ ಬಿಡುವಿದ್ದವರು ಮಾತ್ರವೇ? ಎಂಬತ್ತರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಆಫ್ರಿಕಾ ಮೂಲದ ಸಿದ್ದಿ ಜನರನ್ನೇ ರಂಗಕ್ಕೆ ತಂದರು. ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ ಆಧರಿಸಿದ ನಾಟಕ ಅದು. ಅಂಚಿನಲ್ಲಿದ್ದವರು ನಡುವೆ ನಿಂತರು.

ಮಾತು ಚಪ್ಪಾಳೆಗೆ ಮುಗಿಯದು. ಗಳಿಕೆಯ ಪಾಲೂ ಬೇಕು. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಬೆಳೆದ 'ಚರಕ' ಮಹಿಳೆಯರ ಸಹಕಾರ ಸಂಘ. ಹಳ್ಳಿಯ ಹೆಂಗಸರು ನೈಸರ್ಗಿಕ ಬಣ್ಣ ಹಾಕಿ ಕೈಮಗ್ಗದ ಬಟ್ಟೆ ನೇಯುತ್ತಾರೆ. ಸಂಘದ ಸದಸ್ಯರೂ ಅವರೇ. 2020ರಲ್ಲಿ ಸಂಘ ನಷ್ಟದಿಂದ ತತ್ತರಿಸಿತು. ಒಡೆತನ ಸಿಕ್ಕರಷ್ಟೇ ಸಾಲದು, ಮಾಡಿದ ಮಾಲಿಗೆ ಮಾರುಕಟ್ಟೆಯೂ ಬೇಕೆಂಬ ಪಾಠ ಅದು.

ಸವದತ್ತಿ ಸೀಮೆಯಲ್ಲಿ ಕಲೆಗೇನು ಬರವಿಲ್ಲ. ದೊಡ್ಡಾಟ, ಸಣ್ಣಾಟ, ಭಜನೆ ಇವೆ. ಯಲ್ಲಮ್ಮನ ಹೆಸರಿನಲ್ಲಿ ಚೌಡಿಕೆ ನುಡಿಸುವ ಜೋಗತಿಯರಿದ್ದಾರೆ. ಉಳಿ, ಸುತ್ತಿಗೆ ಹಿಡಿದ ಕೈಗಳಿವೆ. ಯಾವುದೇ ಯೋಜನೆ ಬಂದರೂ ಊರು ಮೊದಲು ಕೇಳಬೇಕಾದ್ದು ಇಷ್ಟು: ಸಮಿತಿಯಲ್ಲಿ ಎಲ್ಲ ಕೇರಿಯವರೂ ಹೆಂಗಸರೂ ಇದ್ದಾರೆಯೇ? ಜೋಗತಿಗೆ ಗೌರವದ ಜೊತೆ ಸಂಭಾವನೆ ಇದೆಯೇ? ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿದೆಯೇ?

ದೇಸಾಯಿಯವರು ತಮ್ಮ ಕಾಲದಲ್ಲಿ ಆಸ್ತಿಯನ್ನು ಒಂದು ಸಮುದಾಯದ ಮಕ್ಕಳ ಪಾಲಾಗಿಸಿದರು. ಊರ ಕಲೆಯನ್ನು ಎಲ್ಲ ಕೇರಿಗಳ ಪಾಲಾಗಿಸುವುದು ಈ ಕಾಲದವರಿಗೆ ಉಳಿದ ಕೆಲಸ.